ಕಡಲಿಗಿಳಿದ ಕೃಷ್ಣೆ

ಈಗಷ್ಟೇ ಚಿಕ್ಕಪಡಸಲಗಿ ಬ್ಯಾರೇಜ್ ದಾಟಿದೆ. ಕೃಷ್ಣಾ ಹೊಳೆ ದಡ ತುಂಬಿ ಕೆಂಪಗೆ ಹರಿಯಾಕತ್ತೈತಿ. ಥಟ್ಟನೆ ನೆನಪಾದದ್ದು ಇದೇ ಹೊಳೆಯ ಹೆಸರು ಹೊತ್ತ ಯುದ್ಧನೌಕೆ ‘ಕಿಸ್ಟ್ನಾ’. 1943ರಲ್ಲಿ ಗ್ಲಾಸ್ಗೋದಲ್ಲಿ ನೀರಿಗಿಳಿದದ್ದು. ಸರಕು, ಸೈನಿಕರ ಹಡಗುಗಳಿಗೆ ಬೆಂಗಾವಲಾಗಿ ನಿಂತು ಜಲಾಂತರ್ಗಾಮಿಗಳಿಂದ ಕಾಯುವುದು ಅದರ ಕೆಲಸ. 1945ರಲ್ಲಿ ಬರ್ಮಾದ ಅರಾಕಾನ್ ಕರಾವಳಿಯಲ್ಲೂ ದುಡಿಯಿತು.

ಅದರ ಜೊತೆಗಾರ ಹಡಗುಗಳು ಕಾವೇರಿ, ಗೋದಾವರಿ, ‘ನರ್ಬದಾ’ (ಅಂದರೆ ನರ್ಮದಾ). ದೇಶ ಒಡೆದಾಗ ನದಿಗಳೂ ಪಾಲಾದವು ನೋಡ್ರಿ! ನರ್ಬದಾ ಪಾಕಿಸ್ತಾನಕ್ಕೆ ಹೋಗಿ ‘ಝೇಲಂ’ ಆಯಿತು, ಗೋದಾವರಿ ‘ಸಿಂಧ್’ ಆಯಿತು. ಇಲ್ಲೇ ಉಳಿದ ಕಿಸ್ಟ್ನಾಗೆ ‘ಕೃಷ್ಣಾ’ ಎಂಬ ನಮ್ಮ ಹೆಸರೇ ಬಂತು. ಮುಂದೆ ತರಬೇತಿ ಹಡಗಾಗಿ ಎಷ್ಟೋ ಹುಡುಗರಿಗೆ ಕಡಲು ಕಲಿಸಿತು.

ಇಂಥ ಹಡಗಿನ ಕಥೆ ನಮ್ಮ ಶಾಲೆ ಮಕ್ಕಳಿಗೆ ಗೊತ್ತಾಗಬೇಕು. ಜಮಖಂಡಿ, ಬೀಳಗಿ, ಬನಹಟ್ಟಿ ಕಡೆಯಿಂದ ಯಾರಾದರೂ ಇದರಲ್ಲಿ ಕೆಲಸ ಮಾಡಿದ್ದರೆ? ಮನೆಯ ಹಿರಿಯರನ್ನು ಕೇಳಿ ತಿಳಿಸ್ರಿ.