ಕೀಟ ಸಂಗ್ರಹದ ಹವ್ಯಾಸ

ಮುಂಗಾರಿನ ಮೊದಲ ಮಳೆಗಳು ಬಿದ್ದು ಬಯಲುಸೀಮೆಯ ಜಾಲಿಮರಗಳು ಚಿಗುರುವ ಹೊತ್ತಿಗೆ, ಹಸುರು ಬೆನ್ನು ಥಳಥಳಿಸುವ ಜೀರ್ಜಿಂಬೆಯೊಂದನ್ನು ಹಿಡಿದು, ಬೆಂಕಿಪೊಟ್ಟಣದಲ್ಲಿಟ್ಟು, ಜಾಲಿಯ ಎಳೆಯೆಲೆಗಳನ್ನು ಮೇವಿಗೆ ಹಾಕಿ, ಅದು ಮೊಟ್ಟೆಯಿಟ್ಟಿತೆಂದರೆ ಓರಗೆಯವರಿಗೆಲ್ಲ ತೋರಿಸಿಬರುವ ಹುಡುಗನಲ್ಲಿ ಕೀಟಸಂಗ್ರಾಹಕನ ಪ್ರಥಮ ಲಕ್ಷಣಗಳೆಲ್ಲವೂ ಇವೆ: ಸೌಂದರ್ಯದ ಮೋಹ, ಅದನ್ನು ತನ್ನದಾಗಿಸಿಕೊಳ್ಳುವ ಹಟ, ಗೆಳೆಯನದಕ್ಕಿಂತ ತನ್ನದು ಮಿಗಿಲೆಂಬ ಅಭಿಮಾನ. ಬಹುಮಂದಿಯಲ್ಲಿ ಈ ಮೋಹ ಬಾಲ್ಯದೊಡನೆಯೇ ಅಳಿದುಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದು ಬೆಳೆದು ವಿದ್ಯೆಯಾಗಿ ಪರಿಣಮಿಸುತ್ತದೆ.

ಮೋಹವು ಮೋಹವಾಗಿಯೇ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಕೇಂಬ್ರಿಜ್ಜಿನ ವಿದ್ಯಾರ್ಥಿಯಾಗಿದ್ದ ಚಾರ್ಲ್ಸ್ ಡಾರ್ವಿನ್ನನೇ ಸಾಕ್ಷಿ. ಒಣತೊಗಟೆಯಡಿ ಕಂಡ ಎರಡು ಅಪೂರ್ವ ದುಂಬಿಗಳನ್ನು ಎರಡು ಕೈಗಳಲ್ಲಿ ಹಿಡಿದಿದ್ದಾಗ ಮೂರನೆಯದೊಂದು ಕಾಣಿಸಿತಾಗಿ, ಅದನ್ನು ಬಿಡಲಾರದೆ ಬಲಗೈಯದನ್ನು ಬಾಯಿಗೆ ಹಾಕಿಕೊಂಡನಂತೆ. ಅದು ಉಗುಳಿದ ಕಟುರಸದಿಂದ ನಾಲಗೆ ಉರಿದು ಬಾಯಿಯದೂ ಹೋಯಿತು, ಮೂರನೆಯದೂ ಹೋಯಿತು. ಆ ದಿನಗಳ ತನ್ನ ಹವ್ಯಾಸ ಬರಿಯ ಸಂಗ್ರಹದ ಹಂಬಲವಾಗಿತ್ತೆಂದೂ, ಹಿಡಿದ ಹುಳುಗಳ ಲಕ್ಷಣಗಳನ್ನು ಗ್ರಂಥದ ವರ್ಣನೆಯೊಡನೆ ಹೋಲಿಸಿ ನೋಡಿದ್ದು ಅಪರೂಪವೆಂದೂ ಅವನೇ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ.

ಹೋಲಿಸಿ ನೋಡುವ ಆ ದೃಷ್ಟಿ ಹುಟ್ಟಿದಾಗಲೇ ಹವ್ಯಾಸದ ಎರಡನೆಯ ಜನ್ಮವೆಂದು ನನ್ನ ನಂಬಿಕೆ. 1844ರಲ್ಲಿ ಲೆಸ್ಟರ್ ಪಟ್ಟಣದ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದ ಆಲ್ಫ್ರೆಡ್ ರಸೆಲ್ ವಾಲೆಸನಿಗೆ, ಕಾಲುಚೀಲದ ವ್ಯಾಪಾರಿಯಲ್ಲಿ ಕೆಲಸ ಕಲಿಯುತ್ತಿದ್ದ ಹೆನ್ರಿ ವಾಲ್ಟರ್ ಬೇಟ್ಸನ ಪರಿಚಯವಾಯಿತು. ಬಿಡುವು ದೊರೆತಾಗಲೆಲ್ಲ ಸುತ್ತಣ ಕಾಡುಮೇಡುಗಳಲ್ಲಿ ಅಲೆದು ಬೇಟ್ಸ್ ಕೂಡಿಟ್ಟಿದ್ದ ದುಂಬಿಗಳನ್ನು ಕಂಡು ವಾಲೆಸ್ ಬೆರಗಾದನು. ಊರೊಂದರ ಆಸುಪಾಸಿನಲ್ಲಿ ಐವತ್ತು, ಹೆಚ್ಚೆಂದರೆ ನೂರು ಬಗೆಯ ದುಂಬಿಗಳಿದ್ದಾವೆಂದು ಊಹಿಸಬಹುದಾಗಿದ್ದ ಅವನಿಗೆ, ಊರಿನಿಂದ ಹತ್ತು ಮೈಲಿ ದೂರದೊಳಗೆ ಸಾವಿರ ಬಗೆಗಳಿರಬಹುದೆಂದು ತಿಳಿಯಿತು. ಅಂದೇ ಅವನೂ ಸೀಸೆ, ಸೂಜಿ, ಪೆಟ್ಟಿಗೆಗಳನ್ನು ಹೊಂದಿಸಿಕೊಳ್ಳಲು ತೊಡಗಿದನು.

ಈ ಸಲಕರಣೆಗಳ ಬಳಕೆಯಲ್ಲಿ ಮನಸ್ಸನ್ನು ತಿದ್ದುವ ಶಿಸ್ತೊಂದಿದೆ. ದುಂಬಿಗೆ ಸೂಜಿ ಚುಚ್ಚುವುದು ನಡುಬೆನ್ನಿಗಲ್ಲ, ಬಲಗಡೆಯ ಗಡುಸು ರೆಕ್ಕೆಗೆ. ಚಿಟ್ಟೆಗಾದರೆ ಎದೆಯ ನಟ್ಟನಡುವೆ. ನಡುವೆ ತೋಡಿರುವ ಹಲಗೆಯ ಮೇಲೆ ಚಿಟ್ಟೆಯನ್ನಿರಿಸಿ, ರೆಕ್ಕೆಗಳ ಹೊಡಿ ಉದುರದಂತೆ ಸೂಜಿಯ ಮೊನೆಯಿಂದ ನರವನ್ನಷ್ಟೇ ಮೆಲ್ಲನೆ ಮುಂದಕ್ಕೆಳೆದು, ಕಾಗದದ ಪಟ್ಟಿಗಳಿಂದ ಬಿಗಿದು, ಒಣಗುವವರೆಗೂ ಕಾಯಬೇಕು. ಅನಂತರ ಅದೇ ಸೂಜಿಗೆ ಒಂದು ಚೀಟಿ: ಹಿಡಿದ ಊರು, ದಿನ, ಹಿಡಿದವರ ಹೆಸರು. ಹೊಸಬನಿಗೆ ಅತ್ಯಂತ ಬೇಸರ ತರುವ ಈ ಚೀಟಿಯೇ ಸಂಗ್ರಹದ ಪ್ರಾಣ. ಅದಿಲ್ಲದ ಚಿಟ್ಟೆ ಎಷ್ಟು ಸುಂದರವಾಗಿದ್ದರೂ ಮೂಕ. ಅಮೆಜಾನಿನಿಂದ ಹಿಂದಿರುಗಿದ ವಾಲೆಸ್ 1852ರಲ್ಲಿ ಅಲ್ಲಿಯ ಕೋತಿಗಳನ್ನು ಕುರಿತು ಬರೆದ ಪ್ರಬಂಧದಲ್ಲಿ, ಪ್ರಾಣಿ ದೊರೆತ ಎಡೆಯನ್ನು ಬ್ರೆಜಿಲ್ ಎಂದೋ ದಕ್ಷಿಣ ಅಮೆರಿಕವೆಂದೋ ಸ್ಥೂಲವಾಗಿ ನಮೂದಿಸುವ ರೂಢಿಯನ್ನು ಆಕ್ಷೇಪಿಸಿದನು. ನದಿಯ ಈ ದಡದ ಜಾತಿ ಆ ದಡದಲ್ಲಿಲ್ಲವೆಂಬುದನ್ನು ಅಂಥ ನಮೂದಿನಿಂದ ಯಾರು ತಾನೆ ಕಂಡುಹಿಡಿದಾರು?

1848ರಲ್ಲಿ ಜತೆಯಾಗಿ ಅಮೆಜಾನಿಗೆ ಹೋದ ಮಿತ್ರರಲ್ಲಿ ಬೇಟ್ಸ್ 11 ವರ್ಷ ಅಲ್ಲಿಯೇ ನೆಲಸಿ, ಮಾದರಿಗಳನ್ನು ಊರಿಗೆ ಕಳುಹಿಸಿ ಮಾರಿಸಿ, ಅದರಿಂದಲೇ ಜೀವನೋಪಾಯ ಸಾಗಿಸಿದನು. ಒಂದೇ ಬಗೆಯ ಚಿಟ್ಟೆಗಳನ್ನು ಊರೂರಿನಿಂದ ಕೂಡಿಸಿ ಮಗ್ಗುಲಲ್ಲಿಟ್ಟು ನೋಡುವ ಅಭ್ಯಾಸವಿದ್ದುದರಿಂದ, ಹಕ್ಕಿಗಳು ಮುಟ್ಟಲೊಲ್ಲದ ಚಿಟ್ಟೆಗಳ ನಡುವೆ ಅದೇ ಬಣ್ಣ, ಅದೇ ಪಟ್ಟೆ, ಅದೇ ನಿಧಾನದ ಹಾರಾಟವುಳ್ಳ, ಆದರೆ ಅಂಗರಚನೆಯಲ್ಲಿ ಬೇರೆಯೇ ಕುಲಕ್ಕೆ ಸೇರಿದ ಚಿಟ್ಟೆಗಳು ಹುದುಗಿದ್ದುದು ಅವನಿಗೆ ಗೋಚರಿಸಿತು. ದುರ್ಬಲವಾದುದು ಅಹಿತಕರವಾದುದರ ವೇಷ ತೊಟ್ಟು ಬದುಕುವ ಈ ಅನುಕರಣೆಯನ್ನು ಅವನು 1861ರಲ್ಲಿ ಲಿನೇಯನ್ ಸೊಸೈಟಿಯ ಮುಂದೆ ವಿವರಿಸಿದನು. ಚಂದದ್ದೊಂದನ್ನು ಆಯ್ದು ಉಳಿದುದನ್ನು ಬಿಸುಡುವವನಿಗೆ ಇದು ಕಾಣುವಂತಿರಲಿಲ್ಲ.

ಹಾಗೆಂದು ವಿದ್ಯೆ ಬಂದಾಗ ಮೋಹ ಹೊರಟುಹೋಗುವುದಿಲ್ಲ. 1859ರಲ್ಲಿ ಮೊಲುಕ್ಕಾದ ಬಚಾನ್ ದ್ವೀಪದಲ್ಲಿ, ಉಜ್ಜ್ವಲ ಕಿತ್ತಳೆ ಬಣ್ಣದ ದೊಡ್ಡ ಚಿಟ್ಟೆಯೊಂದನ್ನು ಬಲೆಯಿಂದ ತೆಗೆದು ರೆಕ್ಕೆ ಬಿಡಿಸಿದಾಗ ಎದೆ ಡವಡವನೆ ಬಡಿದು, ರಕ್ತ ತಲೆಗೇರಿ, ಮೂರ್ಛೆ ಬರುವಂತಾಯಿತೆಂದೂ ಆ ದಿನವೆಲ್ಲ ತಲೆನೋವೆಂದೂ ವಾಲೆಸ್ ಬರೆದಿದ್ದಾನೆ. ಮೊಲುಕ್ಕಾ ಸೇರಿದ ಮಲಯ ದ್ವೀಪಸಮೂಹದಲ್ಲಿ 1,25,660 ಮಾದರಿಗಳನ್ನು ಕೂಡಿಸಿದವನ ಎದೆ ಅದು! ಬೆಂಕಿಪೊಟ್ಟಣದ ಹುಡುಗನ ಎದೆಗಿಂತ ಬೇರೆಯಾದುದೆಂದು ನಾನು ಭಾವಿಸಲಾರೆ.

ಇಂದು ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅನೇಕ ಚಿಟ್ಟೆಗಳಿಗೆ ರಕ್ಷೆಯಾಗಿದೆ. ಅದು ನ್ಯಾಯವೇ ಸರಿ. ಹವ್ಯಾಸಿಗಳ ಕೈಗೆ ಬಲೆಯ ಬದಲು ಕ್ಯಾಮರಾ ಬಂದಿದೆ. ಊರು, ದಿನಗಳ ಚೀಟಿ ಬರೆಯುವ ಶ್ರದ್ಧೆಯೊಂದಿದ್ದರೆ ಚಿತ್ರಗಳಿಂದಲೂ ಬಹಳ ಕಲಿಯಬಹುದು. ಆದರೆ ಅಂಗಾಂಗಗಳನ್ನು ಭೂತಗನ್ನಡಿಯ ಕೆಳಗಿಟ್ಟಲ್ಲದೆ ಬೇರ್ಪಡಿಸಲಾಗದ ಸಣ್ಣ ಪತಂಗಗಳೂ ದುಂಬಿಗಳೂ ಅಸಂಖ್ಯ. ಅವುಗಳ ಗುರುತಿಗೆ ಈಗಲೂ ವಿದ್ವಾಂಸರು ಹಿಂದಿನ ಸಂಗ್ರಾಹಕರು ಚೀಟಿ ಬರೆದಿಟ್ಟುಹೋದ ಪೆಟ್ಟಿಗೆಗಳನ್ನೇ ತೆರೆಯುತ್ತಾರೆ.