ಜೆ, ಕೆ, ಎಲ್ ಮತ್ತು ಅಜ್ಜಿಯ ಮೌನ

ಜೋಯಿಡಾದ ಗೆಡ್ಡೆ-ಗೆಣಸಿನ ಮೇಳದ ಸುದ್ದಿ ಕೇಳಿದ್ದೇ ತಡ, ನಾವು ನಾಲ್ವರು ಕ್ಯಾಮೆರಾ ಹಿಡ್ಕೊಂಡು ಕುಂಬಾರವಾಡಕ್ಕೆ ಹೋದೆವು. ಅಲ್ಲಿ ಕುಣಬಿ ಅಜ್ಜಿಯೊಬ್ಬರು ಗೆಡ್ಡೆ ಅಗೆಯುತ್ತಲೇ ಮಾತಾಡಿದರು. ವಾಪಸ್ ಬಂದಾಗ ಕೈಯಲ್ಲಿ 2 ಗಂಟೆ ಫೂಟೇಜ್. ಸ್ಪರ್ಧೆಗೆ ಬೇಕಿದ್ದದ್ದು 8 ನಿಮಿಷ.

ಮೊದಲ ದಿನ ಮೌಸ್‌ನಲ್ಲಿ ಪ್ಲೇಹೆಡ್ ಎಳೆದೂ ಎಳೆದೂ ಕೈನೋವು ಬಂತು. ಆಮೇಲೆ ಸೀನಿಯರ್ ಒಬ್ಬರು ಮೂರು ಕೀ ತೋರಿಸಿದರು: ಜೆ ಹಿಂದಕ್ಕೆ, ಕೆ ನಿಲ್ಲಿಸೋಕೆ, ಎಲ್ ಮುಂದಕ್ಕೆ. ಎಲ್ ಎರಡು ಸಲ ಒತ್ತಿದರೆ ದುಪ್ಪಟ್ಟು ವೇಗ. ಬೇಕಾದ ಭಾಗದ ಶುರುವಿಗೆ ಐ, ಕೊನೆಗೆ ಓ. ಮೇಲೆ-ಕೆಳಗಿನ ಬಾಣ ಒತ್ತಿದರೆ ಒಂದು ಕಟ್‌ನಿಂದ ಇನ್ನೊಂದು ಕಟ್‌ಗೆ ಜಿಗಿಯಬಹುದು. ಎಡ-ಬಲದ ಬಾಣಕ್ಕೆ ಒಂದೊಂದೇ ಫ್ರೇಮ್. ನಮ್ಮದು ಸೆಕೆಂಡಿಗೆ 25 ಫ್ರೇಮ್‌ನ ವಿಡಿಯೊ.

ವೇಗ ಸಿಕ್ಕಿತು, ಜೊತೆಗೆ ಆತುರವೂ. ದುಪ್ಪಟ್ಟು ವೇಗದಲ್ಲೇ ಕೇಳ್ತಾ, ಅಜ್ಜಿ ತಡೆದ ಜಾಗವನ್ನೆಲ್ಲ ಕತ್ತರಿಸಿಬಿಟ್ಟೆವು. ಪ್ಲೇ ಮಾಡಿದರೆ ಅಜ್ಜಿ ವಾರ್ತೆ ಓದಿದ ಹಾಗಿತ್ತು!

ಏನೋ ತಪ್ಪಿದೆ ಅನ್ನಿಸಿ, ಜೆ ಒತ್ತಿ ಮೂಲ ಫೂಟೇಜಿನಲ್ಲಿ ಹಿಂದೆ ಹೋದೆವು. ಕೆ ಹಿಡಿದುಕೊಂಡೇ ಎಲ್ ಒತ್ತಿ ನಿಧಾನಕ್ಕೆ ನೋಡಿದೆವು. ಅಜ್ಜಿಯ ಮನೆಮಾತು ಕೊಂಕಣಿ. ತಡೆದಲ್ಲೆಲ್ಲ ಅವರ ತುಟಿ ಸಣ್ಣಗೆ ಅಲ್ಲಾಡ್ತಿತ್ತು. ಗೆಡ್ಡೆಯ ಹೆಸರನ್ನು ತಮ್ಮ ಮಾತಲ್ಲಿ ಹೇಳಿಕೊಂಡು, ನಮಗೋಸ್ಕರ ಕನ್ನಡದ ಪದ ಹುಡುಕುತ್ತಿದ್ದರು. ನಾವು ಕತ್ತರಿಸಿದ್ದು ಆ ಹುಡುಕಾಟವನ್ನೇ.

ಮೌನವನ್ನೆಲ್ಲ ವಾಪಸ್ ಸೇರಿಸಿದಾಗ 8 ನಿಮಿಷ 11 ಆಯ್ತು. ಕೊನೆಗೆ 3 ನಿಮಿಷದ ನಮ್ಮ ಹಿನ್ನೆಲೆ ನಿರೂಪಣೆಯನ್ನೇ ತೆಗೆದೆವು.

ಶಾರ್ಟ್‌ಕಟ್ ಖಂಡಿತ ಕಲಿಯಿರಿ. ಆದರೆ ಕಟ್ ಮಾಡೋ ಮುಂಚೆ ಒಂದು ಸಲ ಅವರು ಮಾತಾಡಿದ ವೇಗದಲ್ಲೇ ಕೇಳಿ.