ಉಳಿದಿದ್ದು ಎರಡೇ ಮನೆ...

ಮೈನ್‌ಸ್ವೀಪರ್‌ನ ಎಕ್ಸ್‌ಪರ್ಟ್ ಹಂತದಲ್ಲಿ 480 ಮನೆ, 99 ಮೈನು. ಹೆಚ್ಚುಕಡಿಮೆ ಐದಕ್ಕೊಂದು! ಸುಮ್ನೆ ಕ್ಲಿಕ್ಕಿಸ್ತಾ ಹೋದ್ರೆ ಆಗೋ ಕೆಲಸ ಅಲ್ಲ. ನೇರವಾದ ಅಂಚಲ್ಲಿ 1-2-1 ಕಂಡ್ರೆ 1ಗಳ ಎದುರಿಗೆ ಮೈನು, 2ರ ಎದುರಿಗೆ ಖಾಲಿ. 1-2-2-1 ಕಂಡ್ರೆ ಉಲ್ಟಾ, 2ಗಳ ಎದುರಿಗೇ ಮೈನು. ಇವೆರಡು ಕಣ್ಣಿಗೆ ರೂಢಿಯಾದ್ರೆ ಎಷ್ಟೋ ಕಡೆ ಲೆಕ್ಕ ಹಾಕೋದೇ ಬೇಡ.

ಆದ್ರೆ ಕೆಲವು ಸಲ ಮೂಲೆಯಲ್ಲಿ ಎರಡು ಮನೆ ಸಿಕ್ಕಿಹಾಕಿಕೊಳ್ಳತ್ತೆ, ಒಳಗೆ ಒಂದೇ ಮೈನು. ಸುತ್ತಲಿನ ಯಾವ ಅಂಕಿಯೂ ಸುಳಿವು ಕೊಡಲ್ಲ. ತುಂಬಾ ಜನ ಅದನ್ನ ಕೊನೆಗೆ ಅಂತ ಬಿಟ್ಟಿರ್ತಾರೆ. ನಾನು ಕಂಡ ಕೂಡಲೇ ಒತ್ತಿಬಿಡ್ತೀನಿ. ಎಷ್ಟು ಹೊತ್ತು ಕಾದ್ರೂ ಅದು ಅರ್ಧಕ್ಕರ್ಧವೇ ತಾನೆ? ಸೋಲೋದಿದ್ರೆ ಈಗಲೇ ಸೋತು ಹೊಸ ಆಟ ಶುರು ಮಾಡಬಹುದು. ಇಷ್ಟೆಲ್ಲ ಗೊತ್ತಿದ್ರೂ ಒತ್ತೋವಾಗ ಎದೆ ಢವಢವ ಅನ್ನೋದು ಮಾತ್ರ ನಿಂತಿಲ್ಲ :)

ನೀವು ಹೇಗೆ? ಮೊದಲೇ ಒತ್ತೋರಾ, ಮುಂದೂಡೋರಾ?